ಮಧುಗಿರಿಯ ದುರ್ಗವೂ ಬಿದನೂರಿನ ರಾಣಿಯೂ

ತುಮಕೂರನ್ನು ಬಿಟ್ಟು ಉತ್ತರಾಭಿಮುಖವಾಗಿ ಕೊರಟಗೆರೆಯ ದಾರಿಯನ್ನು ಹಿಡಿದವರಿಗೆ ನಾಡಿನ ಸ್ವರೂಪವು ಬಹು ಬೇಗನೆ ಬದಲಾದಂತೆ ತೋರುವುದು. ಮೊದಲು ತೆಂಗಿನ ತೋಟಗಳೂ ಅಡಕೆಯ ತೋಟಗಳೂ ಎಡಬಲಗಳಲ್ಲಿ ನೆರಳು ಕೊಡುತ್ತ ಬರುವುವು. ಆಮೇಲೆ ಅವು ವಿರಳವಾಗಿ ಹುಣಸೆ, ಹೊಂಗೆ, ಬೇವಿನ ಮರಗಳು ಬರುವುವು. ಅಷ್ಟರಲ್ಲಿಯೇ ಬೆಟ್ಟಗಳು ಎದುರಾಗುತ್ತವೆ. ಮಲೆನಾಡಿನ ಬೆಟ್ಟಗಳಂತೆ ಇವು ಕಾಡನ್ನು ಹೊದ್ದು ಮಲಗಿರುವುವಲ್ಲ. ಬೋಳು ತಲೆಯ ಕರಿಬಂಡೆಗಳು, ಒಂದರ ಹಿಂದೆ ಒಂದು. ದೇವರಾಯನದುರ್ಗದಿಂದ ಮೊದಲುಮಾಡಿ ಕೊರಟಗೆರೆ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಪಾವಗಡ, ನಿಡುಗಲ್ಲುಗಳವರೆಗೂ ಈ ಸಾಲು ನಡೆದಿದೆ. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯನ್ನೇ ಭೂಗರ್ಭಶಾಸ್ತ್ರಜ್ಞರು ಈ ಕಲ್ಲಿಗೆ ಇಟ್ಟಿದ್ದಾರೆ. ಇದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳೆಂದು ಅವರ ಎಣಿಕೆ.

ಇಷ್ಟು ಬೆಟ್ಟಗಳಿರುವ ಕಡೆ ಅಷ್ಟೇ ಪಾಳೆಯಗಾರರೂ ಇದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ. ಒಂದೊಂದು ಬಂಡೆಗೂ ಒಂದೊಂದು ಕೋಟೆ, ಒಂದೊಂದು ಕೋಟೆಗೂ ಒಬ್ಬೊಬ್ಬ ಗೌಡನೋ ನಾಯಕನೋ ಇದ್ದನು. ಕೊರಟಗೆರೆಯನ್ನು ಕಟ್ಟಿದವನು ರಣಭೈರೇಗೌಡನು. ಅಲ್ಲಿಯ ಕೋಟೆ ಈಗ ಇದ್ದೂ ಇಲ್ಲದಂತಿರುವುದರಿಂದ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟವನ್ನು ದೂರದಿಂದಲೇ ಕಂಡು ಮುಂದೆ ಸಾಗಿದೆವು. ತುಮಕೂರಿನಿಂದ ಸುಮಾರು ಇಪ್ಪತ್ತೇಳು ಮೈಲಿ ಆಗುವಷ್ಟರಲ್ಲಿ, ಸುತ್ತಲೂ ಗುಡ್ಡಗಳು ಬಳಸಿರುವ ಬಯಲಿನ ನಡುವೆ, ಮಧುಗಿರಿಯ ಮಹಾಶಿಲೆಯು ಆಕಾಶಕ್ಕೆ ಗೋಡೆಯನ್ನು ಎಬ್ಬಿಸಿದಂತೆ ನಿಂತಿರುವುದು ಕಣ್ಣಿಗೆ ಬಿದ್ದಿತು. ಇದು ಏಷ್ಯಾಖಂಡದಲ್ಲಿಯೇ ಎರಡನೆಯ ದೊಡ್ಡ ಏಕಶಿಲೆಯೆಂದೂ, ಮೊದಲನೆಯದು ಸಾವನದುರ್ಗವೆಂದೂ ಇಲ್ಲಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಳೆದು ನೋಡಿದವರು ಯಾರೋ ನಾವರಿಯೆವು; ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಮಾತ್ರ ಅಳತೆಯ ಅವಶ್ಯಕತೆ ತೋರುವುದಿಲ್ಲ.

ಹಳೆಯ ಕಾಗದಪತ್ರಗಳಲ್ಲಿ ಈ ಊರಿನ ಹೆಸರು ಮದ್ದಗಿರಿ. ಮಧುಗಿರಿಯೆಂದರೆ ಜೇನಿನ ಬೆಟ್ಟವೆಂದು ಅರ್ಥ. ಬಂಡೆಯ ಸಂದುಗಳಲ್ಲಿ ಹೆಜ್ಜೇನಿನ ಹುಟ್ಟುಗಳು ಈಗಲೂ ಕಟ್ಟುವುದರಿಂದ ಈ ಅರ್ಥವನ್ನು ಯಾರೂ ಸಂದೇಹಿಸುವುದಿಲ್ಲ. ಆದರೆ ಕೋಟೆಯ ಹುಟ್ಟಿನ ಕಥೆಯಲ್ಲಿ ಬರುವುದು ಜೇನಲ್ಲ, ನೀರು. ರಾಜಾ ಹಿರೇಗೌಡನೆಂಬ ಪಾಳೆಯಗಾರನ ಹಿಂಡಿನ ಕುರಿಯೊಂದು ತಪ್ಪಿಸಿಕೊಂಡು ಬಂಡೆಯ ಮೇಲಕ್ಕೆ ಹೋಯಿತಂತೆ. ಹಿಂದಿರುಗಿದಾಗ ಅದರ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಟ್ಟದ ಮೇಲೆ ನೀರುಂಟೆಂಬುದು ಇದರಿಂದ ತಿಳಿದು, ಗೌಡನು ಅಲ್ಲಿ ಮಣ್ಣಿನ ಕೋಟೆಯನ್ನು ಹಾಕಿಸಿದನೆಂದು ಐತಿಹ್ಯವಿದೆ. ಕಥೆಯು ನಿಜವೋ ಸುಳ್ಳೋ, ಅದರೊಳಗಿನ ಲೋಕಾನುಭವವು ನಿಜ. ಈ ಬರಗಾಲದ ಸೀಮೆಯಲ್ಲಿ ಕಲ್ಲಿಗೆ ಕೊರತೆಯಿಲ್ಲ. ಯಾರು ಬೇಕಾದರೂ ಗೋಡೆಯನ್ನು ಕಟ್ಟಬಹುದು. ಗೋಡೆಯ ಒಳಗೆ ಕುಡಿಯಲು ನೀರಿದ್ದರೆ ಮಾತ್ರ ಅದು ದುರ್ಗ, ಇಲ್ಲವಾದರೆ ಬರಿಯ ಬಂಡೆ.

ಹಿರೇಗೌಡನ ವಂಶದವರ ಆಳ್ವಿಕೆ ಬಹುಕಾಲ ನಡೆಯಲಿಲ್ಲ. 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯವು ಮಧುಗಿರಿಯನ್ನು ಹಿಡಿಯಿತು. ಆಗ ಜಂಟಿಯಾಗಿ ಆಳುತ್ತಿದ್ದ ರಾಮಗೌಡ, ತಿಮ್ಮಗೌಡರಿಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. ಮುಂದೆ ಅವರನ್ನು ಬಿಟ್ಟು, ಜೀವನಕ್ಕಾಗಿ ಮಿಡಿಗೇಶಿಯನ್ನು ಕೊಟ್ಟರೆಂದು ತಿಳಿದುಬರುತ್ತದೆ. ಹಿಮ್ಮಡಿಯನ್ನು ಮುಟ್ಟುವಷ್ಟು ಉದ್ದದ ಕೇಶವಿದ್ದ ರಾಣಿಯೊಬ್ಬಳಿಂದ ಮಿಡಿಗೇಶಿಗೆ ಆ ಹೆಸರು ಬಂದಿತೆಂದು ಜನರ ಹೇಳಿಕೆ.

ಊರಿನೊಳಗೆ ವೆಂಕಟರಮಣಸ್ವಾಮಿಯ ದೇವಸ್ಥಾನವೂ ಮಲ್ಲೇಶ್ವರಸ್ವಾಮಿಯ ದೇವಸ್ಥಾನವೂ ಅಕ್ಕಪಕ್ಕದಲ್ಲಿ, ದ್ರಾವಿಡ ರೀತಿಯ ಗೋಪುರಗಳೊಡನೆ, ಮಗ್ಗುಲ ಮನೆಗಳ ಅಣ್ಣತಮ್ಮಂದಿರಂತೆ ನಿಂತಿವೆ. ಸಮೀಪದಲ್ಲಿ ಜೈನರ ಬಸದಿಯೂ ಉಂಟು. ದಂಡಿನ ಮಾರಮ್ಮನ ಗುಡಿಗೆ ಹೊರಗಿನ ಊರುಗಳಿಂದಲೂ ಜನ ಬರುತ್ತಾರೆ. ದೇವಿಯ ಹೆಸರಿನಲ್ಲಿಯೇ ದಂಡು ಸೇರಿಕೊಂಡಿರುವುದು ಈ ಊರಿಗೆ ತಕ್ಕುದೇ ಆಗಿದೆ.

ಬೆಳಗಿನ ಬಿಸಿಲು ಏರುವ ಮೊದಲೇ ನಾವು ಬೆಟ್ಟವನ್ನು ಹತ್ತಲಾರಂಭಿಸಿದೆವು. ಬುಡದ ಬಾಗಿಲನ್ನು ದಾಟಿದೊಡನೆ ಮೆಟ್ಟಲುಗಳು ಸುಲಭವಾಗಿಯೇ ಇವೆ. ಬಾಗಿಲಿನಿಂದ ಬಾಗಿಲಿಗೆ ದಾರಿಯು ತಿರುಗುತ್ತದೆ. ಒಂದನ್ನು ಗೆದ್ದ ಶತ್ರುವಿಗೆ ಮುಂದಿನದು ನೇರವಾಗಿ ಕಾಣದಂತೆ ಕಟ್ಟಿದ್ದಾರೆ. ಅರ್ಧ ದಾರಿಯ ಮೇಲೆ ಮೆಟ್ಟಲುಗಳೂ ಮುಗಿದು, ಬರಿಯ ಬಂಡೆಯಲ್ಲಿ ಕಾಲ್ಬೆರಳು ಊರುವಷ್ಟು ಕೊರೆದಿರುವ ಹಳ್ಳಗಳು ಮಾತ್ರ ಉಳಿಯುವುವು. ಕಡಿದಾದ ಕಡೆಗಳಲ್ಲಿ ಹಿಡಿದುಕೊಳ್ಳುವುದಕ್ಕೆ ಕಬ್ಬಿಣದ ಸರಳುಗಳನ್ನು ಹಾಕಿದ್ದಾರೆ. ನಮ್ಮೊಡನಿದ್ದ ಮಕ್ಕಳು ಆಡಿನ ಮರಿಗಳಂತೆ ಮುಂದೆ ಓಡಿದರು. ಹಿರಿಯರಾದ ನಾವು ಬಂಡೆಗೆ ಎದೆಯೊಡ್ಡಿ, ಹಿಂತಿರುಗಿ ನೋಡದೆ ಏರಿದೆವು. ಈಗ ಕಾಣುವ ಕಲ್ಲಿನ ಕೋಟೆಯ ಬಹುಭಾಗವು ಹೈದರಾಲಿಯ ಕಾಲದ್ದು. ಗೌಡರ ಕೋಟೆಯನ್ನು ಅವನು ಬಹಳವಾಗಿ ವಿಸ್ತರಿಸಿ ಬಲಪಡಿಸಿದನು. ಇಂತಹ ಇಳಿಜಾರಿನಲ್ಲಿ ಈ ಗೋಡೆಗಳನ್ನು ಕಟ್ಟಿದ ಒಡ್ಡರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲವೆಂಬುದನ್ನು ನೆನೆದು ನಮಗೆ ಸ್ವಲ್ಪ ನಾಚಿಕೆಯೇ ಆಯಿತು.

ಸಮುದ್ರಮಟ್ಟಕ್ಕೆ ಸುಮಾರು 3,900 ಅಡಿ ಎತ್ತರದ ಶಿಖರದಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿಯೂ ಕಣಜಗಳೂ ಇವೆ. ಕಣಜದ ಒಳಕ್ಕೆ ಹೋದರೆ ಹೊರಗಿನ ಉರಿಬಿಸಿಲಿನಲ್ಲಿಯೂ ತಂಪು. ಅಲ್ಲಿ ಕುಳಿತು ಸುತ್ತಲೂ ನೋಡಿದೆವು. ಕೆಳಗೆ ಊರಿನ ಮನೆಗಳು ರಂಗೋಲಿಯ ಚುಕ್ಕೆಗಳಂತಿದ್ದುವು. ಅವುಗಳ ಆಚೆಗೆ ಕೆರೆಗಳು, ಶೇಂಗಾದ ಹೊಲಗಳು. ಹೊಲಗಳ ಆಚೆಗೆ ಗುಡ್ಡಗಳ ಬೇಲಿ. ಯಾವ ದಿಕ್ಕಿನಿಂದ ಯಾರು ಬಂದರೂ ಅರ್ಧ ದಿನ ಮೊದಲೇ ಕಾಣುವಂತಹ ಸ್ಥಳ. ಬರುವವರನ್ನು ತಡೆಯುವುದಕ್ಕೆ ಇಷ್ಟು ಒಳ್ಳೆಯದಾದ ಈ ದುರ್ಗವು, ಒಳಗಿರುವವರನ್ನು ಹೋಗಗೊಡದಿರುವುದಕ್ಕೂ ಅಷ್ಟೇ ಒಳ್ಳೆಯದೆಂಬುದು ಹೈದರನಿಗೆ ಹೊಳೆಯಿತು. ಅವನು ಇಲ್ಲಿಗೆ ಕಳುಹಿಸಿದ ಸೆರೆಯಾಳು ಬಿದನೂರಿನ ರಾಣಿ ವೀರಮ್ಮಾಜಿ.

ಈ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೆಳದಿಯ ಅರಸರ ಕೊನೆಯ ರಾಜಧಾನಿ ಬಿದನೂರು, ಈಗಿನ ನಗರ. ದಟ್ಟವಾದ ಕಾಡು, ಘಟ್ಟದ ದಾರಿಗಳು, ಮೆಣಸು ಅಡಕೆಗಳ ವ್ಯಾಪಾರ, ವರ್ಷಕ್ಕೆ ನೂರು ಅಂಗುಲಗಳಿಗೂ ಮೀರಿದ ಮಳೆ. ಇವುಗಳೇ ಆ ರಾಜ್ಯದ ಕೋಟೆಯೂ ಭಂಡಾರವೂ ಆಗಿದ್ದುವು. ಗಂಡನಾದ ಬಸಪ್ಪನಾಯಕನು ತೀರಿಕೊಂಡ ಮೇಲೆ ವೀರಮ್ಮಾಜಿಯು ದತ್ತುಮಗನ ಹೆಸರಿನಲ್ಲಿ ಆಳುತ್ತಿದ್ದಳು. ಮೊದಲನೆಯ ದತ್ತುಮಗ ಚೆನ್ನಬಸಪ್ಪನು ಸತ್ತನೆಂದು ಸೋಮಶೇಖರನೆಂಬ ಮತ್ತೊಬ್ಬ ಹುಡುಗನನ್ನು ಪಟ್ಟಕ್ಕೆ ತಂದಿದ್ದರು. ಆಗ ಚಿತ್ರದುರ್ಗದಲ್ಲಿ ಒಬ್ಬ ಯುವಕನು ತಾನೇ ಚೆನ್ನಬಸಪ್ಪನೆಂದೂ, ಸಾಯದೆ ಪಾರಾಗಿ ಬಂದೆನೆಂದೂ ಹೇಳಿಕೊಂಡು ಹೈದರನ ಮೊರೆಹೊಕ್ಕನು. ಹೈದರನಿಗೆ ಬೇಕಾಗಿದ್ದ ನೆಪವೂ ಅದೇ. 1763ರ ಆರಂಭದಲ್ಲಿ ಅವನು ದಂಡೆತ್ತಿ ಹೊರಟನು. ರಾಣಿಯು ಹಂತಹಂತಕ್ಕೂ ಹೊನ್ನಿನ ಮೊತ್ತವನ್ನು ಏರಿಸುತ್ತ ಸಂಧಿಯನ್ನು ಬೇಡಿದಳು, ಅವನು ನಿಲ್ಲಲಿಲ್ಲ. ಕುಂಸಿಯ ಸೆರೆಯಲ್ಲಿದ್ದ ಬಿದನೂರಿನ ಹಳೆಯ ಮಂತ್ರಿ ಲಿಂಗಣ್ಣನು ನಗರದೊಳಕ್ಕೆ ಹೋಗುವ ಗುಪ್ತವಾದ ಕಾಲುದಾರಿಯನ್ನು ತೋರಿಸಿಕೊಟ್ಟನು. ರಾಣಿಯು ಅರಮನೆಗೆ ಬೆಂಕಿಯಿಡುವಂತೆ ಅಪ್ಪಣೆಮಾಡಿ ಬಲ್ಲಾಳರಾಯನದುರ್ಗಕ್ಕೆ ಓಡಿಹೋದಳು. ಅಲ್ಲಿಯೇ ಸಿಕ್ಕಿಬಿದ್ದಳು.

ಇನ್ನು ಪಟ್ಟವನ್ನು ಬೇಡಿಕೊಂಡು ಬಂದ ಯುವಕನ ಗತಿ ಏನಾಯಿತು? ಸತ್ತು ಬದುಕಿ ಬಂದವನೆಂದು ಹೈದರನ ದಂಡಿನವರೇ ಅವನನ್ನು ‘ಗೈಬು ರಾಜ’ನೆಂದು ಹಾಸ್ಯಮಾಡುತ್ತಿದ್ದರು. ಬಿದನೂರು ಕೈಸೇರಿದ ಮೇಲೆ ಹೈದರನಿಗೆ ಅವನ ಕೆಲಸವೂ ಮುಗಿಯಿತು. ರಾಣಿ, ಅವಳ ದತ್ತುಮಗ, ಅವರಿಬ್ಬರಿಗೂ ವಿರೋಧಿಯಾದ ಈ ಗೈಬು ರಾಜ, ಎಲ್ಲರನ್ನೂ ಒಟ್ಟಿಗೇ ಮಧುಗಿರಿಗೆ ಕಳುಹಿಸಿಬಿಟ್ಟನು. ವಾದಿ ಪ್ರತಿವಾದಿಗಳಿಬ್ಬರನ್ನೂ ಒಂದೇ ಸೆರೆಯಲ್ಲಿಟ್ಟು ಆಸ್ತಿಯನ್ನು ತಾನು ಇಟ್ಟುಕೊಂಡ ನ್ಯಾಯಾಧಿಪತಿಯ ಕಥೆಯನ್ನು ಯಾರಾದರೂ ಕಟ್ಟಿ ಹೇಳಿದ್ದರೆ ನಾವು ನಂಬುತ್ತಿರಲಿಲ್ಲ.

ವೀರಮ್ಮಾಜಿಯ ನಡತೆಯ ವಿಷಯವಾಗಿ ಆಂಗ್ಲ ಇತಿಹಾಸಕಾರರು ಕಟುವಾದ ಮಾತುಗಳನ್ನು ಬರೆದಿಟ್ಟಿದ್ದಾರೆ. ರಾಜ್ಯವನ್ನು ಕಳೆದುಕೊಂಡ ಹೆಂಗಸಿನ ಮೇಲೆ ಇಂತಹ ಮಾತುಗಳು ಹುಟ್ಟುವುದಕ್ಕೆ ಬಹಳ ಸಾಕ್ಷ್ಯ ಬೇಕಾಗುವುದಿಲ್ಲ. ಅದು ಹೇಗಾದರೂ ಇರಲಿ. ಆಷಾಢದ ಜಡಿಮಳೆಯಲ್ಲಿ ತಿಂಗಳುಗಟ್ಟಲೆ ಸೂರ್ಯನನ್ನೇ ಕಾಣದ ನಾಡಿನಿಂದ, ಮೂವತ್ತು ಅಂಗುಲ ಮಳೆ ಬಿದ್ದರೆ ಸಮೃದ್ಧಿಯೆನ್ನುವ ಈ ನಾಡಿಗೆ ಬಂದವಳು ಅವಳು. ಇಲ್ಲಿಯ ಬಂಡೆಯು ಹಗಲೆಲ್ಲ ಕಾದು ರಾತ್ರಿಯೆಲ್ಲ ಶಾಖವನ್ನು ಉಗುಳುತ್ತದೆ. ಸುತ್ತ ನೋಡಿದರೆ ಹಸುರು ವಿರಳ. ನಾಲ್ಕು ಬೇಸಗೆಗಳನ್ನು ಅವಳು ಇಲ್ಲಿ ಕಳೆದಳು. ನಮ್ಮೊಡನೆ ಬಂದಿದ್ದ ಮಲೆನಾಡಿನ ಸಹೋದರಿಯೊಬ್ಬರು ಇದನ್ನು ಕೇಳಿ, ಗುಡಿಯ ನೆರಳಿನಲ್ಲಿ ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ.

ಬಿಡುಗಡೆಯು ಉತ್ತರದಿಂದ ಬಂದಿತು. 1767ರಲ್ಲಿ ಪೇಶ್ವೆ ಮಾಧವರಾಯನು ಮೈಸೂರಿನ ಮೇಲೆ ದಂಡೆತ್ತಿ ಬಂದು ಮಧುಗಿರಿಯನ್ನು ಹಿಡಿದನು. ಆಗ ಅವನಿಗಿನ್ನೂ ಇಪ್ಪತ್ತೆರಡು ವರ್ಷ. ರಾಣಿಯನ್ನೂ ಹುಡುಗನನ್ನೂ ಬಿಡಿಸಿ ಪುಣೆಗೆ ಕರೆದೊಯ್ಯುವಂತೆ ಏರ್ಪಾಡಾಯಿತು. ಇಲ್ಲಿ ಒಂದು ಹಳೆಯ ಲೆಕ್ಕವು ನೆನಪಿಗೆ ಬರುತ್ತದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿಬಂದಾಗ, ಅವನಿಗೆ ಆಶ್ರಯ ಕೊಟ್ಟವಳು ಇದೇ ಮನೆತನದ ಕೆಳದಿಯ ಚೆನ್ನಮ್ಮ. ಎಪ್ಪತ್ತೆಂಟು ವರ್ಷಗಳ ಮೇಲೆ ಮರಾಠರು ಅದೇ ಸಿಂಹಾಸನದ ಕೊನೆಯ ರಾಣಿಯ ಸೆರೆಯನ್ನು ಬಿಡಿಸಿದರು. ಪೇಶ್ವೆಯು ಬಂದದ್ದು ಕಪ್ಪಕ್ಕಾಗಿಯೂ ನೆಲಕ್ಕಾಗಿಯೂ ಹೊರತು ಋಣವನ್ನು ತೀರಿಸುವುದಕ್ಕಲ್ಲ. ಆದರೂ ಋಣವು ತೀರಿತು. ವೀರಮ್ಮಾಜಿಯು ಪುಣೆಯನ್ನು ಮುಟ್ಟಲಿಲ್ಲ. ದಾರಿಯಲ್ಲಿಯೇ ತೀರಿಕೊಂಡಳು.

ಅದೇ ದಂಡಯಾತ್ರೆಯಲ್ಲಿ ಶಿರಾ ಪಟ್ಟಣವೂ ಮರಾಠರಿಗೆ ಸೇರಿತು. ಅಲ್ಲಿದ್ದ ಹೈದರನ ಭಾವಮೈದುನನೇ ಅದನ್ನು ಒಪ್ಪಿಸಿದನು. ಮಧುಗಿರಿಯಿಂದ ಪಶ್ಚಿಮಕ್ಕೆ ಹೋದರೆ ಸಿಕ್ಕುವ ಈ ಶಿರಾ ಬಯಲಿನ ಊರು. ಬೆಟ್ಟದ ಆಸರೆ ಇಲ್ಲದಿದ್ದರೂ ಒಂದು ಕಾಲಕ್ಕೆ ಇದರ ವೈಭವದ ಮುಂದೆ ಮಧುಗಿರಿಯು ಹಳ್ಳಿ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಮೊದಲುಮಾಡಿದ ಕೋಟೆಯನ್ನು ಬಿಜಾಪುರದವರು ಗೆದ್ದು ಮುಗಿಸಿದರು. 1687ರಿಂದ ಮೊಗಲರ ಸುಭೆಯ ರಾಜಧಾನಿಯಾಗಿ, ದಿಲಾವರ್ ಖಾನನ ಕಾಲದಲ್ಲಿ ಐವತ್ತು ಸಾವಿರ ಮನೆಗಳಿದ್ದುವೆಂದು ಹೇಳುತ್ತಾರೆ. ಅಲ್ಲಿಯ ಖಾನ್ ಬಾಗ್ ತೋಟವನ್ನು ಕಂಡೇ ಹೈದರನಿಗೆ ಲಾಲ್‌ಬಾಗಿನ ಯೋಚನೆ ಹುಟ್ಟಿರಬಹುದೆಂದು ಬಲ್ಲವರ ಅಭಿಪ್ರಾಯ. ಹೈದರನ ತಂದೆಯು ಶಿರಾದ ಸುಭೇದಾರರ ಕೈಕೆಳಗೆ ಊಳಿಗದಲ್ಲಿದ್ದವನು. ಮಗನು 1761ರಲ್ಲಿ ಶಿರಾದ ನವಾಬನೆಂಬ ಬಿರುದನ್ನೇ ಪಡೆದನು. ಮುಂದೆ ಟಿಪ್ಪುವು ಶ್ರೀರಂಗಪಟ್ಟಣದ ಬಳಿ ಗಂಜಾಮನ್ನು ತುಂಬುವುದಕ್ಕೆ ಇಲ್ಲಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದು ಪ್ರತೀತಿ. ಈಗ 1696ರ ಜುಮ್ಮಾ ಮಸೀದಿಯನ್ನೂ ಮಲ್ಲಿಕ್ ರಿಹಾನನ ಗೋರಿಯನ್ನೂ ನೋಡಿ ಉಳಿದುದನ್ನು ಊಹಿಸಿಕೊಳ್ಳಬೇಕು.

ಜಪಾನ್ ದೇಶದಲ್ಲಿ ಮಾತ್ಸುಮೊಟೊ ಎಂಬ ನಗರವುಂಟು. ಅದೂ ನಮ್ಮ ಮಧುಗಿರಿಯಂತೆ ಸುತ್ತಲೂ ಪರ್ವತಗಳು ಬಳಸಿರುವ ಬಯಲಿನಲ್ಲಿದೆ. ಅಲ್ಲಿಯ ಮರದ ಕೋಟೆಮನೆಯನ್ನು ಕಟ್ಟಿ ನಾಲ್ಕು ನೂರು ವರ್ಷಗಳಿಗೂ ಮೇಲಾಯಿತು. 1872ರಲ್ಲಿ ಅದನ್ನು ಕೆಡವಿ ಮಾರುವುದಕ್ಕಾಗಿ ಹರಾಜು ಹಾಕಿದರು. ಆಗ ಇಚಿಕಾವಾ ರ್ಯೋಜೊ ಎಂಬ ಊರಿನ ಗೃಹಸ್ಥನೊಬ್ಬನು, ಕೋಟೆಯೊಳಗೇ ವಸ್ತುಪ್ರದರ್ಶನಗಳನ್ನು ನಡೆಸಿ, ಬಂದ ಹಣದಿಂದ ಅದನ್ನು ಉಳಿಸಿಕೊಂಡನು. ಮುಂದೆ ಅದು ಒಂದು ಕಡೆಗೆ ವಾಲಿದಾಗ, ಕೊಬಯಾಶಿ ಉನಾರಿ ಎಂಬ ಪಾಠಶಾಲೆಯ ಮುಖ್ಯೋಪಾಧ್ಯಾಯನು ಚಂದಾ ಎತ್ತಿ ಸರಿಪಡಿಸಿದನು. ನಮ್ಮ ಕಲ್ಲಿನ ಕೋಟೆಯನ್ನು ಹರಾಜು ಹಾಕುವವರು ಯಾರೂ ಇಲ್ಲ; ಕೇಂದ್ರ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯವರ ರಕ್ಷಣೆಯಲ್ಲಿದೆ. ಆದರೂ ಕಣಜದ ಗೋಡೆಗಳ ಮೇಲೆ ಇದ್ದಲಿನಿಂದ ಬರೆದ ಹೆಸರುಗಳನ್ನು ಓದುತ್ತ ನಮಗೆ ಆ ಮುಖ್ಯೋಪಾಧ್ಯಾಯನ ನೆನಪಾಯಿತು. ರಾಮಗೌಡ, ತಿಮ್ಮಗೌಡರು ಯಾರೆಂದು ಊರಿನ ಶಾಲೆಯ ಮಕ್ಕಳಿಗೆ ಬೆಟ್ಟದ ಮೇಲೆಯೇ ಒಂದು ದಿನ ಪಾಠ ಹೇಳಿದರೆ, ಮರುದಿನ ಇದ್ದಲು ಹಿಡಿಯುವ ಕೈಗಳು ಎಷ್ಟೋ ಕಡಮೆಯಾಗಬಹುದು.

ಮಾರನೆಯ ದಿನ ಪಾವಗಡಕ್ಕೆ ಹೋದೆವು. ದಾರಿಯುದ್ದಕ್ಕೂ ಕನ್ನಡದೊಳಗೆ ತೆಲುಗು ಬೆರೆಯುತ್ತ ಹೋಗಿ, ಪಾವಗಡದ ಸಂತೆಯಲ್ಲಿ ಎರಡೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಇಲ್ಲಿಯೂ ಊರಿನ ನೆತ್ತಿಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಆದರೆ ಯಾತ್ರಿಕರ ಗುಂಪು ನೆರೆಯುವುದು ಶನಿಮಹಾತ್ಮನ ಗುಡಿಯಲ್ಲಿ. ಅನೇಕ ತಲೆಮಾರುಗಳು ಶಪಿಸಿದ ಇಲ್ಲಿಯ ಬಿಸಿಲೇ ಈಗ ಬೆಳೆಯಾಗಿದೆ. ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಹದಿಮೂರು ಸಾವಿರ ಎಕರೆಗಳಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ತೆಗೆಯುತ್ತಾರೆ. 2018ರಲ್ಲಿ ಆರಂಭವಾದ ಈ ಸ್ಥಾವರದ ಶಕ್ತಿ 2,050 ಮೆಗಾವಾಟ್. ರೈತರಿಂದ ಭೂಮಿಯನ್ನು ಕೊಳ್ಳದೆ ವರ್ಷಗುತ್ತಿಗೆಗೆ ಹಿಡಿದಿರುವುದು ಮೆಚ್ಚತಕ್ಕ ವಿಷಯ. ಭೂಮಿಯೇ ಇಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣವು ಸಲ್ಲುವುದಿಲ್ಲವೆಂಬುದನ್ನೂ ಮರೆಯಲಾಗದು.

ಸಂಸಾರವಂದಿಗರಾದ ವಾಚಕರು ಮಧುಗಿರಿಯನ್ನು ನೋಡಬೇಕೆಂದಿದ್ದರೆ ಮಾರ್ಗಶಿರ, ಪುಷ್ಯ ಮಾಸಗಳು ಉತ್ತಮ. ಮಳೆಯಲ್ಲಿ ಬಂಡೆಯು ಜಾರುವುದರಿಂದ ಆಗ ಏರಕೂಡದು. ಸೂರ್ಯೋದಯಕ್ಕೆ ಹೊರಟರೆ ಮಧ್ಯಾಹ್ನದೊಳಗೆ ಇಳಿದುಬಿಡಬಹುದು. ವಯಸ್ಸಾದವರು ಮೆಟ್ಟಲುಗಳು ಮುಗಿಯುವವರೆಗೂ ಹೋಗಿ, ಅಲ್ಲಿಯ ಬಾಗಿಲ ನೆರಳಿನಲ್ಲಿ ಕುಳಿತಿರಲಿ. ಅಷ್ಟರಿಂದಲೂ ನೋಟವು ಚೆನ್ನಾಗಿಯೇ ಇರುವುದು. ಹೆಜ್ಜೇನಿರುವ ಕಡೆ ಕಲ್ಲೆಸೆಯದಂತೆ ಹುಡುಗರಿಗೆ ಮೊದಲೇ ಎಚ್ಚರಿಕೆ ಕೊಡಬೇಕು. ಕುಡಿಯುವ ನೀರನ್ನು ಕೆಳಗಿನಿಂದಲೇ ಹೊತ್ತುಕೊಂಡು ಹೋಗಬೇಕು. ಹಿರೇಗೌಡನ ಕುರಿಯು ಮೈ ತೋಯಿಸಿಕೊಂಡ ಬೆಟ್ಟದ ಮೇಲಿನ ದೊಣೆಗಳಲ್ಲಿ ನಾವು ಕಂಡದ್ದು ಪಾಚಿಯೂ ಯಾರೋ ಎಸೆದುಹೋದ ಪ್ಲಾಸ್ಟಿಕ್ ಸೀಸೆಗಳೂ. ನಾಲ್ಕನ್ನು ಆರಿಸಿ ಚೀಲದಲ್ಲಿ ಹಾಕಿಕೊಂಡು ಇಳಿದೆವು.