ಅಟ್ಟದಿಂದ ಇಳಿದದ್ದು

ಹೊಟ್ಟೆಯ ಕೆಳಭಾಗದ ಸ್ನಾಯು ದುರ್ಬಲವಾಗಿ ಅಲ್ಲಿಂದ ಕರುಳು ಹೊರಗೆ ತಳ್ಳಿಬರುವ ವ್ಯಾಧಿಗೆ ಹರ್ನಿಯಾ ಎಂದು ಹೆಸರು. ನಾಲ್ಕು ವರ್ಷಗಳ ಕಾಲ ಅದನ್ನು ಪಂಚೆಯ ಮರೆಯಲ್ಲಿಟ್ಟು ಕಾಪಾಡಿಕೊಂಡು ಬಂದ ನಾನು, ಕಳೆದ ಕಾರ್ತಿಕದಲ್ಲಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದೆನು. ಸಡಿಲವಾದ ಜಾಗಕ್ಕೆ ಬಲೆಯ ತುಂಡೊಂದನ್ನಿಟ್ಟು ಹೊಲಿದರು. ಹೊರಡುವಾಗ ವೈದ್ಯರು ವಿಧಿಸಿದ ನಿಯಮಗಳು ಹಲವು. ಕೆಮ್ಮು ಬಂದರೆ ಗಾಯದ ಮೇಲೆ ಅಂಗೈಯೊತ್ತಿ ಕೆಮ್ಮಬೇಕು, ಮಲಬದ್ಧತೆಗೆ ಎಡೆಗೊಡಬಾರದು, ದಿನವೂ ಸ್ವಲ್ಪ ಸ್ವಲ್ಪವಾಗಿ ನಡೆಯಬೇಕು, ಆರು ವಾರ ಭಾರ ಎತ್ತಬಾರದು.

"ಭಾರವೆಂದರೆ ಎಷ್ಟು?" ಎಂದು ಕೇಳಿದೆನು.

"ಬಾವಿಯಿಂದ ಒಂದು ಕೊಡ ನೀರು ಸೇದಿದಿರೋ, ಪುನಃ ಇಲ್ಲಿಗೇ ಬರಬೇಕಾದೀತು" ಎಂದರು.

ಮೊದಲ ವಾರ ನಿದ್ರೆಯಲ್ಲಿ ಕಳೆಯಿತು. ಎರಡನೆಯ ವಾರ ಚಾವಡಿಯ ಉದ್ದಕ್ಕೂ ಗೋಡೆ ಹಿಡಿದು ನಡೆದಾಡತೊಡಗಿದೆನು. ನನ್ನ ಅಲೆದಾಟವನ್ನು ನೋಡಿ ಸಾಕಾದ ಮನೆಯಾಕೆ, "ಹೇಗೂ ಮನೆಯಲ್ಲೇ ಇದ್ದೀರಿ. ಅಟ್ಟವನ್ನು ಒಮ್ಮೆ ಖಾಲಿ ಮಾಡಿಸುವ. ಒರಲೆ ಹಿಡಿದ ಮೇಲೆ ಹೇಳಿ ಪ್ರಯೋಜನ ಉಂಟೇ?" ಎಂದಳು. ಈ ಮಾತನ್ನು ಅವಳು ಹೇಳತೊಡಗಿ ಹದಿನೈದು ವರ್ಷವಾದರೂ ಆಗಿರಬೇಕು. ಅಂದು ತಪ್ಪಿಸಿಕೊಳ್ಳುವ ದಾರಿ ನನಗಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗ ಏಣಿ ಹತ್ತಿ ಇಳಿಸುವುದು, ನಾನು ಆರಾಮಕುರ್ಚಿಯಲ್ಲಿ ಕುಳಿತು ತೀರ್ಪು ಕೊಡುವುದು ಎಂದು ನಿಶ್ಚಯವಾಯಿತು. ತೋಳಿನಲ್ಲಿ ಬಲವಿದ್ದಾಗ ನಾನೂ ಎಷ್ಟೋ ಸಲ ಅಟ್ಟ ಹತ್ತಿದ್ದುಂಟು. ಆಗೆಲ್ಲ ವಸ್ತುವನ್ನು ಎತ್ತುವುದು, ಧೂಳು ಕೊಡಹುವುದು, ಇದ್ದಲ್ಲಿಯೇ ಇಡುವುದು. ಕೇಳುವವರು ಯಾರೂ ಇರಲಿಲ್ಲ. ಈಗಲಾದರೋ ಪ್ರತಿಯೊಂದು ವಸ್ತುವೂ ಇನ್ನೊಬ್ಬರ ಕೈಯಲ್ಲಿ ನಿಂತು ಉತ್ತರಕ್ಕಾಗಿ ಕಾಯುತ್ತಿತ್ತು. "ಅಜ್ಜ, ಇದು ಎಂತಕ್ಕೆ?"

ತಂದೆಯವರ ಮುಟ್ಟಾಳೆ, ಕಡ್ಡಿಬಿಟ್ಟ ಗೊರಬೆಗಳು ಮೂರು, ಬಿರುಕುಬಿಟ್ಟ ಉಪ್ಪಿನಕಾಯಿ ಭರಣಿ, ಹಿತ್ತಾಳೆಯ ಪಟ್ಟಿಯಿದ್ದ ಸೇರು. ಸೇರನ್ನು ಮನೆಯಾಕೆ ಒಳಗೆ ಕೊಂಡುಹೋದಳು. ಉಳಿದುವನ್ನು ಅಂಗಳಕ್ಕೆ ಹಾಕಿಸಿದೆನು. ಮುಂದೆ ಬಂದುದು ತಂದೆಯವರು ಓದಿದ ಲೆಕ್ಕದ ಪುಸ್ತಕ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯೇ ಪೈಸೆ ಆಯಿತೆಂದು ತಿಳಿಸಿ, ಹುಡುಗನಿಗೆ ಹಳೆಯ ಕ್ರಮದ ಒಂದು ಬಡ್ಡಿ ಲೆಕ್ಕ ಕೊಟ್ಟೆನು. ಅವನ ಉತ್ತರ ತಪ್ಪಿತು, ನನ್ನದೂ ತಪ್ಪಿತು. ಹೊಲಿಗೆಯನ್ನು ಒತ್ತಿಹಿಡಿದು ನಕ್ಕೆನು. ಪುಸ್ತಕದೊಳಗೆ ಮಡಚಿಟ್ಟಿದ್ದ ಮದ್ರಾಸು ರಾಜ್ಯದ ನಕ್ಷೆಯಲ್ಲಿ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. 1956ರ ನವೆಂಬರ್ 1ರ ಮೊದಲಿನ ನಕ್ಷೆ ಅದು. ಶಾಲೆಯಲ್ಲಿ ತೋರಿಸಲು ಬೇಕೆಂದು ಹುಡುಗ ಅದನ್ನು ತನ್ನ ಚೀಲಕ್ಕೆ ಸೇರಿಸಿಕೊಂಡನು.

ಕೊನೆಗೆ ನನ್ನ ತಗಡಿನ ಪೆಟ್ಟಿಗೆ ಬಂತು. ಪಾಠದ ಟಿಪ್ಪಣಿಗಳು, ಪ್ರಶ್ನಪತ್ರಿಕೆಗಳು, ಉಪಾಧ್ಯಾಯನೊಬ್ಬನ ಆಯುಷ್ಯದಲ್ಲಿ ಸೇರುವ ಸಕಲ ಕಾಗದಗಳು. ಎಲ್ಲವೂ ಗುಜರಿಗೆಂದು ಹೇಳಿ ಕಣ್ಣು ಮುಚ್ಚಿಕೊಂಡೆನು. ಪೆಟ್ಟಿಗೆಯ ತಳಕ್ಕೆ ಹಾಸಿದ್ದ ವರ್ತಮಾನಪತ್ರಿಕೆಯನ್ನು ಕಿತ್ತ ಹುಡುಗ, "ಇದರಡಿಯಲ್ಲಿ ಒಂದು ಪುಸ್ತಕ ಉಂಟು" ಎಂದನು.

ಅದು 1989ರಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ಪ್ರಬಂಧ ಪುಸ್ತಕ. ಹೆಸರನ್ನು ಓದುವ ಮೊದಲೇ ನನಗೆ ತಿಳಿಯಿತು. ತರಗತಿಯ ಉಳಿದೆಲ್ಲರ ಪುಸ್ತಕಗಳನ್ನು ತಿದ್ದಿ ಹಂಚಿದ ದಿನ ಇವನದು ಕಾಣಲಿಲ್ಲ. "ಕೊಟ್ಟಿದ್ದೇನೆ ಸರ್" ಎಂದನು. ಬರೆಯದಿದ್ದುದಕ್ಕೆ ಮೂರು ಪೆಟ್ಟು, ಸುಳ್ಳಾಡಿದುದಕ್ಕೆ ಎರಡು ಹೆಚ್ಚು. ಅವನು ಅಳಲಿಲ್ಲ, ಅಳದಿದ್ದುದನ್ನೂ ನಾನು ಉದ್ಧಟತನವೆಂದೇ ಎಣಿಸಿದೆನು.

ಪ್ರಬಂಧದ ವಿಷಯ 'ನಮ್ಮೂರ ಹೊಳೆ'. ಒಂದೂವರೆ ಪುಟ. ಕಡವಿನಲ್ಲಿ ದೋಣಿ ನಡೆಸುತ್ತಿದ್ದ ತನ್ನ ತಂದೆ ಮಳೆಗಾಲದ ರಾತ್ರಿ ಹೊಳೆಯ ಸದ್ದಿನಿಂದಲೇ ನೀರಿನ ಏರಿಕೆಯನ್ನು ಹೇಳುತ್ತಿದ್ದನೆಂದು ಬರೆದಿದ್ದನು. ಆ ತರಗತಿಯಲ್ಲಿ ಅಷ್ಟು ಚೆನ್ನಾಗಿ ಬರೆದವರು ಬೇರೆ ಯಾರೂ ಇದ್ದಿರಲಾರರು. 'ದೋಣಿ'ಯನ್ನು ಎಲ್ಲ ಕಡೆಯೂ 'ದೋನಿ' ಎಂದಿತ್ತು. ನನ್ನ ಕೈ ಕೆಂಪು ಶಾಯಿಯ ಲೇಖನಿಗಾಗಿ ಕಿಸೆ ತಡವಿತು. ನಾಚಿ ಹಿಂದೆ ತೆಗೆದೆನು.

ಆತ ಈಗ ಕುಂಬಳೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾನೆ. ನಮ್ಮ ಮನೆಯ ಅಕ್ಕಿ ಬೆಲ್ಲ ಬರುವುದು ಅಲ್ಲಿಂದಲೇ. ಹೋದಾಗಲೆಲ್ಲ ಸ್ಟೂಲು ಹಾಕಿ ಚಹಾ ತರಿಸುತ್ತಾನೆ. ಕಳೆದ ಸಲವೂ ಅಕ್ಕಿಯ ಚೀಲಕ್ಕೆ ನಾನು ಕೈಹಾಕಿದಾಗ, "ನೀವು ಎತ್ತಬೇಡಿ ಸರ್" ಎಂದು ತಾನೇ ರಿಕ್ಷಾಕ್ಕೆ ಹೊತ್ತು ಹಾಕಿದನು. ಆ ಐದು ಪೆಟ್ಟುಗಳ ಮಾತನ್ನು ಅವನೂ ಎತ್ತಿದವನಲ್ಲ, ನಾನೂ ಎತ್ತಿದವನಲ್ಲ. ನಾನು ಮರೆತಿದ್ದೆನೆಂದು ಹೇಳಿದರೆ ಅದು ಸುಳ್ಳಾಗುತ್ತದೆ.

"ಅದೂ ಗುಜರಿಗೆಯೋ?" ಎಂದು ಮನೆಯಾಕೆ ಕೇಳಿದಳು.

"ಅದು ನಮ್ಮದಲ್ಲ" ಎಂದೆನು.

ಶಾಲೆಗೆ ಹೋಗುವಾಗ ತಾನೇ ಅಂಗಡಿಯಲ್ಲಿ ಕೊಟ್ಟುಬಿಡುತ್ತೇನೆಂದನು ಮೊಮ್ಮಗ. ಬೇಡವೆಂದೆನು. ಬಸ್ಸಿನ ಕುಲುಕಾಟ ಇನ್ನೂ ಹತ್ತು ದಿನ ಕೂಡದೆಂದು ವೈದ್ಯರ ಅಪ್ಪಣೆ. ಕಾಗದದಲ್ಲಿ ಸುತ್ತಿದ ಪುಸ್ತಕ ಹಾಸಿಗೆಯ ಬಳಿಯ ಕಿಟಕಿಯಲ್ಲಿದೆ. ಇಂದು ಬೆಳಗ್ಗೆ ಗೋಡೆಯ ಆಸರೆಯಿಲ್ಲದೆ ಅಂಗಳ ದಾಟಿ, ತೋಟದ ದಣಪೆಯವರೆಗೆ ಎರಡು ಸಲ ಹೋಗಿ ಬಂದೆನು.