ಸುಳಿಗೆ ಬಿದ್ದ ಕತ್ತಿ

ಬಿಳಿಗೆರೆಯ ತೆಂಗಿನ ತೋಟದಲ್ಲಿ ಕುಳಿತು ಮೊಮ್ಮಗನು ತಾತನಿಗೆ ಹೇಳಿದ ಸಂಗತಿ ಕಟ್ಟುಕಥೆಯಲ್ಲ. ಐಸ್‌ಲೆಂಡಿನ ಕಂಪನಿಯೊಂದು 2007ರ ಡಿಸೆಂಬರಿನಲ್ಲಿ ‘ಈವ್ ಆನ್‌ಲೈನ್’ ಎಂಬ ತನ್ನ ಅಂತರಿಕ್ಷದ ಆಟಕ್ಕೆ ‘ಟ್ರಿನಿಟಿ’ ಎಂಬ ಹೊಸ ರೂಪವನ್ನು ತೊಡಿಸಿತು. ನೌಕೆಗಳೇನೋ ಚೆಲುವಾದವು. ಆದರೆ ಆಟದ ಹಳೆಯ ‘ಬೂಟ್.ಐಎನ್‌ಐ’ ಕಡತವನ್ನು ಅಳಿಸಹೊರಟ ಆಜ್ಞೆ ದಾರಿತಪ್ಪಿ, ಅದೇ ಹೆಸರಿನ ವಿಂಡೋಸ್ ಕಡತವನ್ನೇ ಅಳಿಸಿತು. ಹಲವರ ಕಂಪ್ಯೂಟರುಗಳು ಮರಳಿ ಏಳಲೊಲ್ಲವು. ಕಂಪನಿ ತಪ್ಪೊಪ್ಪಿಕೊಂಡಿತು.

“ಒಣಗರಿ ಸವರಲು ಹೋಗಿ ಸುಳಿ ಕಡಿದರು ಅನ್ನು” ಎಂದರು ತಾತ. ತೆಂಗಿಗೆ ಸುಳಿ ಒಂದೇ; ಅದು ಹೋದರೆ ಮರವೇ ಹೋದಂತೆ.

“ಆ ಕಡತವನ್ನು ಮತ್ತೆ ಬರೆದರೆ ಕಂಪ್ಯೂಟರು ಏಳುತ್ತದೆ, ತಾತ.”

ಹಿಂದೊಮ್ಮೆ ತಮ್ಮದೇ ಕತ್ತಿಗೆ ಬಲಿಯಾದ ಮರದ ಬರಿಯ ಪಾತಿಯತ್ತ ತಾತ ನೋಡಿದರು.

“ಪುಣ್ಯವಂತರು” ಎಂದರು.