ಮೊದಲು ಸೀಟು, ಆಮೇಲೆ ಪಾಯಿಂಟು

ಪ್ರಿಯ ಗೆಳತಿ,

ನಿಮ್ಮ ಪತ್ರದ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಪಕ್ಕದ ಮನೆಯ ಹುಡುಗ ಹೇಳಿದ್ದು ಸುಳ್ಳಲ್ಲ. ಕ್ರೆಡಿಟ್ ಕಾರ್ಡಿನ ಪಾಯಿಂಟಿನಲ್ಲಿ ವಿಮಾನದ ಟಿಕೆಟ್ ಸಿಗುತ್ತದೆ. ಹಾಗೆ ಸಿಂಗಪುರಕ್ಕೋ ಪ್ಯಾರಿಸ್ಸಿಗೋ ಹೋಗಿಬಂದವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವನು ಹೇಳಿದ ‘ಫ್ರೀ’ ಎನ್ನುವ ಮಾತನ್ನು ಮಾತ್ರ ಸದ್ಯಕ್ಕೆ ಪಕ್ಕಕ್ಕಿಡಿ. ಆಫೀಸಿನ ಹೋಟೆಲು, ಓಡಾಟದ ಖರ್ಚನ್ನೆಲ್ಲ ತನ್ನ ಕಾರ್ಡಿನಲ್ಲಿ ಉಜ್ಜಿ, ಆಮೇಲೆ ಕಂಪನಿಯಿಂದ ದುಡ್ಡು ವಾಪಸು ಪಡೆಯುವವನ ಲೆಕ್ಕವೇ ಬೇರೆ. ಪಿಂಚಣಿಯಲ್ಲಿ ಸಂಸಾರ ತೂಗಿಸುವ ನಿಮ್ಮಿಬ್ಬರ ಲೆಕ್ಕವೇ ಬೇರೆ.

ನಿಮ್ಮ ಲೆಕ್ಕ ಹಾಕೋಣ. ತಿಂಗಳಿಗೆ 40,000 ಖರ್ಚು ಅಂದಿರಿ. ವರ್ಷಕ್ಕೆ 4,80,000 ಆಯಿತು. ನೂರು ರೂಪಾಯಿಗೆ ಎರಡು ಮೈಲಿ, ಅಂದರೆ ವಿಮಾನ ಕಂಪನಿಯ ಪಾಯಿಂಟು, ಕೊಡುವ ಕಾರ್ಡು ಅಂತ ಇಟ್ಟುಕೊಂಡರೆ 9,600 ಮೈಲಿ. ಆದರೆ ಎಲ್ಲ ಖರ್ಚಿಗೂ ಪಾಯಿಂಟು ಬರುವುದಿಲ್ಲ. ಪೆಟ್ರೋಲು, ಮನೆ ಬಾಡಿಗೆ, ವಾಲೆಟ್ಟಿಗೆ ತುಂಬಿದ ಹಣ, ಸರ್ಕಾರಕ್ಕೆ ಕಟ್ಟುವ ತೆರಿಗೆ, ಇವುಗಳಿಗೆ ಬಹಳಷ್ಟು ಬ್ಯಾಂಕುಗಳು ಏನೂ ಕೊಡುವುದಿಲ್ಲ. ವಿಮೆ ಕಂತಿಗೆ ಕೊಟ್ಟರೂ ಮಿತಿ ಹಾಕಿ ಕೊಡುತ್ತವೆ. ತರಕಾರಿಯವಳಿಗೆ, ಹಾಲಿನವನಿಗೆ ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ದುಡ್ಡು ನೇರ ಬ್ಯಾಂಕ್ ಖಾತೆಯಿಂದ ಹೋಗುವುದರಿಂದ ಅದೂ ಲೆಕ್ಕಕ್ಕಿಲ್ಲ. 2022ರಿಂದೀಚೆಗೆ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಅಂಗಡಿಯಲ್ಲಿ ಹಾಗೆ ಕೊಟ್ಟರೆ ಅಷ್ಟಿಷ್ಟು ಪಾಯಿಂಟು ಬಂದೀತು. ಎಲ್ಲ ಕಳೆದು ವರ್ಷಕ್ಕೆ ಏಳೆಂಟು ಸಾವಿರ ಮೈಲಿ ಉಳಿದರೆ ಹೆಚ್ಚು. ಹತ್ತಿರದ ಆಗ್ನೇಯ ಏಷ್ಯಾಕ್ಕೆ ಹೋಗಿಬರಲೂ ಒಬ್ಬರಿಗೆ ಹತ್ತಾರು ಸಾವಿರ ಮೈಲಿ ಬೇಕು. ನೀವು ಇಬ್ಬರು.

ಹಾಗಾದರೆ ಜನ ಹೇಗೆ ಹೋಗುತ್ತಾರೆ ಎಂದು ಕೇಳುತ್ತೀರಿ. ದಿನಸಿಯಿಂದಲ್ಲ, ದೊಡ್ಡ ಖರ್ಚಿನಿಂದ. ಮನೆಯಲ್ಲಿ ಮದುವೆ, ಆಸ್ಪತ್ರೆ, ಮಹಡಿ ಕಟ್ಟಿಸುವ ಕೆಲಸ, ಹೀಗೆ ಹೇಗೂ ಆಗಲೇಬೇಕಾದ ಖರ್ಚು ಬಂದ ವರ್ಷ ಹೊಸ ಕಾರ್ಡು ತೆಗೆದುಕೊಳ್ಳುತ್ತಾರೆ. ಮೊದಲ ಕೆಲವು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದರೆ ಇಷ್ಟು ಪಾಯಿಂಟು ಎಂದು ಸ್ವಾಗತದ ಬೋನಸ್ ಇರುತ್ತದಲ್ಲ, ಅದರ ಮೇಲೆ ಕಣ್ಣು. ಬ್ಯಾಂಕಿನದೇ ಜಾಲತಾಣದಲ್ಲಿ ಅಂಗಡಿಗಳ ವೋಚರ್ ಕೊಂಡರೆ ಪಾಯಿಂಟು ಹಲವು ಪಟ್ಟಾಗುವ ಕಾರ್ಡುಗಳೂ ಇವೆ. ಒಂದೇ ಎಚ್ಚರ: ಛತ್ರದವರು, ಟೈಲ್ಸ್ ಅಂಗಡಿಯವರು ‘ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಮೇಡಂ’ ಅಂದರೆ ಅಲ್ಲಿಗೆ ಆ ಆಟ ಮುಗಿಯಿತು. ಚೆಕ್ಕು ಬರೆದುಕೊಟ್ಟು ಬನ್ನಿ.

ಈ ಹುಚ್ಚಿಗೆ ಒಬ್ಬ ಮೂಲಪುರುಷ ಇದ್ದಾನೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್, ಹೆಲ್ದಿ ಚಾಯ್ಸ್ ಕಂಪನಿಯ ತಿಂಡಿ ಡಬ್ಬಿಗಳ ಮೇಲಿದ್ದ ಕೊಡುಗೆಯನ್ನು ಅಂಗಡಿಯಲ್ಲೇ ನಿಂತು ಓದಿದ. ಹತ್ತು ಲೇಬಲ್ ಕಳಿಸಿದರೆ 500 ಮೈಲಿ, ಬೇಗ ಕಳಿಸಿದರೆ ಅದರ ಇಮ್ಮಡಿ. ಡಬ್ಬಿ ಯಾವುದಾದರೂ ಸರಿ. ಅಗ್ಗದ್ದನ್ನು ಹುಡುಕುತ್ತ ಹೋದವನಿಗೆ 25 ಸೆಂಟಿನ ಪುಡಿಂಗ್ ಕಪ್ ಸಿಕ್ಕಿತು. ಸುತ್ತಮುತ್ತಲ ಅಂಗಡಿಗಳನ್ನೆಲ್ಲ ಬಳಿದು 12,150 ಕಪ್ ಕೊಂಡ. ಖರ್ಚು ಸುಮಾರು 3,140 ಡಾಲರ್. ಇನ್ನು ಅಷ್ಟು ಲೇಬಲ್ ಕೀಳುವವರು ಯಾರು? ಸಾಲ್ವೇಶನ್ ಆರ್ಮಿ ಎಂಬ ಸೇವಾಸಂಸ್ಥೆಗೆ ಹೋಗಿ, ಪುಡಿಂಗ್ ನಿಮಗೆ, ಲೇಬಲ್ ನನಗೆ ಎಂದ. ಹನ್ನೆರಡೂವರೆ ಲಕ್ಷದಷ್ಟು ಮೈಲಿ ಬಂತು. ದಾನ ಕೊಟ್ಟಿದ್ದಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು! 2002ರ ‘ಪಂಚ್ ಡ್ರಂಕ್ ಲವ್’ ಸಿನಿಮಾದ ನಾಯಕ ಪುಡಿಂಗ್ ಕೊಳ್ಳುವುದು ಇವನನ್ನು ನೋಡಿಯೇ. ಈ ಕಥೆ ಹೇಳುವವರೆಲ್ಲ ಅವನ ಚಾಲಾಕಿತನ ಹೊಗಳುತ್ತಾರೆ. ನನಗೆ ಇಷ್ಟವಾಗುವುದು ಅವನು ಸಣ್ಣಕ್ಷರ ಓದಿದ ತಾಳ್ಮೆ. ಅಂಥ ಸಂದು ಸಿಕ್ಕಾಗಲೆಲ್ಲ ಯಾರಾದರೂ ಬಂದು ಮುಚ್ಚುತ್ತಾರೆ ಅನ್ನುವುದೂ ನಿಜ. ಅಮೆರಿಕದ ಟಂಕಸಾಲೆ ಒಂದು ಡಾಲರಿನ ನಾಣ್ಯಗಳನ್ನು ಅಂಚೆ ಖರ್ಚಿಲ್ಲದೆ ಮನೆಗೆ ಕಳಿಸುತ್ತಿದ್ದಾಗ ಜನ ಕಾರ್ಡಿನಲ್ಲಿ ಸಾವಿರಗಟ್ಟಲೆ ನಾಣ್ಯ ಕೊಂಡು, ನೇರ ಬ್ಯಾಂಕಿಗೆ ಒಯ್ದು ಕಟ್ಟಿ ಮೈಲಿ ಗಳಿಸುತ್ತಿದ್ದರು. 2011ರಲ್ಲಿ ಟಂಕಸಾಲೆ ಅದಕ್ಕೆ ಕಾರ್ಡನ್ನೇ ಒಲ್ಲೆ ಅಂದಿತು.

ಇಷ್ಟೆಲ್ಲ ಕೊಡುವ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದು ನಿಮ್ಮ ಯಜಮಾನರ ಸಂಶಯವಲ್ಲವೆ? ಬ್ಯಾಂಕಿನಲ್ಲೇ ದುಡಿದವರಿಗೆ ಸಹಜ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲಿ ಯೋಜನೆ ಶುರುಮಾಡಿದಾಗ ಅದು ಪದೇಪದೇ ಹಾರುವ ಗಿರಾಕಿಯನ್ನು ಉಳಿಸಿಕೊಳ್ಳುವ ಉಪಾಯ ಅಷ್ಟೆ. ಈಗ ಮೈಲಿಗಳನ್ನು ಬ್ಯಾಂಕುಗಳು ವಿಮಾನ ಕಂಪನಿಗಳಿಂದ ರೊಕ್ಕ ಕೊಟ್ಟು ಕೊಳ್ಳುತ್ತವೆ. 2020ರಲ್ಲಿ ಕೋವಿಡ್ ಬಂದು ವಿಮಾನಗಳೆಲ್ಲ ನೆಲಕ್ಕಿಳಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲಿ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಎತ್ತಿತು. ಆ ಯೋಜನೆಗೆ ಕಂಪನಿಯೇ ಕಟ್ಟಿದ ಬೆಲೆ ಸುಮಾರು 2,190 ಕೋಟಿ ಡಾಲರ್. ಆಗ ಶೇರುಪೇಟೆಯಲ್ಲಿ ಇಡೀ ಕಂಪನಿಗೇ ಅಷ್ಟು ಬೆಲೆ ಇರಲಿಲ್ಲ. ಇತ್ತ ಬ್ಯಾಂಕಿಗೆ ಅಂಗಡಿಯವನು ಪ್ರತಿ ಸ್ವೈಪಿಗೂ ಕೊಡುವ ಪಾಲು ಇದೆ, ಅದಕ್ಕಿಂತ ಹೆಚ್ಚಾಗಿ ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಅಂತ ಕಾಣುವಷ್ಟನ್ನೇ ಕಟ್ಟಿ ಸುಮ್ಮನಾಗುವವರಿಂದ ಬರುವ ಬಡ್ಡಿ ಇದೆ. ತಿಂಗಳಿಗೆ ನೂರಕ್ಕೆ ಮೂರರಿಂದ ಮೂರೂ ಮುಕ್ಕಾಲು, ಅದರ ಮೇಲೆ ಶೇ. 18 ಜಿಎಸ್‌ಟಿ. ವರ್ಷಕ್ಕೆ ನಲವತ್ತರ ಆಚೆಗೆ ಹೋಗುತ್ತದೆ. ಯಾರೋ ಕಟ್ಟಿದ ಬಡ್ಡಿಯಲ್ಲಿ ಇನ್ಯಾರೋ ಪ್ಯಾರಿಸ್ ನೋಡಿಬರುತ್ತಾರೆ ಅಂದರೆ ಕಿವಿಗೆ ಕಠೋರ, ಆದರೂ ವ್ಯವಹಾರ ಇರುವುದು ಹೀಗೇ. ಒಂದು ತಿಂಗಳು ಬಿಲ್ಲನ್ನು ಪೂರ್ತಿ ಕಟ್ಟಲಾಗದೆ ಹೋದರೂ ತಿಂಗಳುಗಟ್ಟಲೆ ಗಳಿಸಿದ ಪಾಯಿಂಟು ನೀರಿಗೆ ಹೋದಂತೆ. ಆ ಅನುಮಾನ ಇದ್ದವರು ಈ ದಾರಿಗೇ ಬರಬಾರದು. ನೀವು ಕರೆಂಟ್ ಬಿಲ್ಲನ್ನು ಬಂದ ದಿನವೇ ಕಟ್ಟುವ ಪೈಕಿ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇನ್ನು ಬಹಳ ಜನ ಎಡವುವ ಜಾಗಕ್ಕೆ ಬರುತ್ತೇನೆ. ಪಾಯಿಂಟು ಹಾಲಿದ್ದಂತೆ, ಕೂಡಿಡುವ ಪದಾರ್ಥ ಅಲ್ಲ. ಅದರ ಬೆಲೆಯನ್ನು ನಿರ್ಧರಿಸುವವರು ಅದನ್ನು ಕೊಟ್ಟವರೇ, ಇಳಿಸುವವರೂ ಅವರೇ. 2023ರ ಸೆಪ್ಟೆಂಬರಿನಲ್ಲಿ ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡಿನವರಿಗೆ ಐದು ಪಾಯಿಂಟಿಗೆ ನಾಲ್ಕು ಮೈಲಿ ಸಿಗುತ್ತಿದ್ದದ್ದು ಎರಡಕ್ಕೆ ಇಳಿಯಿತು. ಅವಧಿಯ ಕಾಟವೂ ಇದೆ. ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲಿಗಳಿಗೆ ಮೂರು ವರ್ಷ ಆಯುಸ್ಸು.

ಹಾಗೆಂದು ಪಾಯಿಂಟು ಬಂದ ತಕ್ಷಣ ಬ್ಯಾಂಕಿನಿಂದ ವಿಮಾನ ಕಂಪನಿಯ ಖಾತೆಗೆ ಸಾಗಿಸಿಬಿಡಬೇಡಿ. ಒಮ್ಮೆ ಸಾಗಿಸಿದ್ದು ಹಿಂದಕ್ಕೆ ಬರುವುದಿಲ್ಲ. ವಿಮಾನ ಕಂಪನಿಯ ಸದಸ್ಯತ್ವ ಪುಕ್ಕಟೆ. ಮೊದಲು ಅದನ್ನು ಮಾಡಿಕೊಂಡು, ಅವರ ಜಾಲತಾಣದಲ್ಲಿ ನಿಮಗೆ ಬೇಕಾದ ದಿನ ಮೈಲಿ ಸೀಟು ಇದೆಯೇ ನೋಡಿ. ಖಾಲಿ ಸೀಟೆಲ್ಲ ಮೈಲಿಗೆ ಸಿಗುವ ಸೀಟಲ್ಲ. ಪ್ರತಿ ವಿಮಾನದಲ್ಲಿ ಇಂತಿಷ್ಟು ಅಂತ ಮಾತ್ರ ಬಿಡುತ್ತಾರೆ, ಹಲವು ಕಂಪನಿಗಳು ಹನ್ನೊಂದು ತಿಂಗಳು ಮುಂಚೆಯೇ ಬುಕಿಂಗ್ ತೆರೆಯುತ್ತವೆ. ಮೊದಲು ಸೀಟು, ಆಮೇಲೆ ಪಾಯಿಂಟು. ಕೆಲವು ವರ್ಗಾವಣೆ ನಿಮಿಷಗಳಲ್ಲಿ ಮುಗಿದರೆ ಕೆಲವಕ್ಕೆ ದಿನಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಸೀಟು ಇನ್ಯಾರದೋ ಪಾಲಾಗಬಹುದು. ಅದಕ್ಕೇ ಬದಲಿ ತಾರೀಕೊಂದು ಕೈಯಲ್ಲಿರಲಿ.

ಇಲ್ಲಿ ನಿಮಗೊಂದು ದೊಡ್ಡ ಅನುಕೂಲ ಇದೆ. ದಸರಾ, ಕ್ರಿಸ್ಮಸ್, ಏಪ್ರಿಲ್–ಮೇ ರಜೆಯಲ್ಲಿ ಇಂಥ ಸೀಟು ಹುಡುಕುವುದು ವ್ಯರ್ಥ ಕಸರತ್ತು. ಶಾಲೆಗೆ ಹೋಗುವ ಮಕ್ಕಳಿದ್ದವರಿಗೆ ಅದೇ ಗತಿ. ನೀವು ಫೆಬ್ರವರಿಯ ಮಂಗಳವಾರ ಹೊರಟು ಮಾರ್ಚಿನ ಬುಧವಾರ ಬರಬಹುದು, ಕೇಳುವವರಿಲ್ಲ. ಪಕ್ಕದ ಮನೆ ಹುಡುಗನಿಗಿಂತ ಕಡಿಮೆ ಪಾಯಿಂಟಿದ್ದರೂ ನೀವು ಗೆಲ್ಲುವುದು ಈ ಒಂದು ಕಾರಣಕ್ಕೆ.

ಸೀಟು ಸಿಕ್ಕಮೇಲೂ ಒಂದು ಭಾಗಾಕಾರ ಮಾಡಿ. ದುಡ್ಡು ಕೊಟ್ಟರೆ 30,000 ಆಗುವ ಟಿಕೆಟ್ಟಿಗೆ 24,000 ಮೈಲಿ ಮತ್ತು 6,000 ತೆರಿಗೆ ಕೇಳುತ್ತಾರೆ ಅನ್ನಿ. ಮೂವತ್ತರಲ್ಲಿ ಆರು ಕಳೆದು ಮೈಲಿಯಿಂದ ಭಾಗಿಸಿದರೆ ಮೈಲಿಗೆ ಒಂದು ರೂಪಾಯಿ ಬಿತ್ತು. ಅದೇ ಟಿಕೆಟ್ ರಿಯಾಯಿತಿಯಲ್ಲಿ 18,000ಕ್ಕೆ ಸಿಕ್ಕರೆ ಐವತ್ತೇ ಪೈಸೆ. ಆಗ ದುಡ್ಡು ಕೊಟ್ಟು ಹೋಗಿ, ಮೈಲಿ ಮುಟ್ಟಬೇಡಿ. ತೆರಿಗೆಯ ಸಾಲನ್ನು ಕನ್ನಡಕ ಹಾಕಿಕೊಂಡು ಓದಿ. ಸಿಂಗಪುರ್ ಏರ್‌ಲೈನ್ಸ್ 2017ರಲ್ಲಿ ತನ್ನ ವಿಮಾನಗಳ ಮೈಲಿ ಟಿಕೆಟ್ಟಿಗೆ ಇಂಧನದ ಮೇಲ್ಶುಲ್ಕ ತೆಗೆದುಹಾಕಿತು. ಬ್ರಿಟಿಷ್ ಏರ್‌ವೇಸಿನಂಥವು ದಪ್ಪ ಮೊತ್ತವನ್ನೇ ಸೇರಿಸುತ್ತವೆ. ಲಂಡನ್ನಿನಿಂದ ಹೊರಡುವವರ ಮೇಲೆ ಬ್ರಿಟನ್ ಸರ್ಕಾರದ ಪ್ರಯಾಣಿಕ ಸುಂಕವೂ ಬೀಳುತ್ತದೆ. ಲಂಡನ್ನಿಗೆ ಇಳಿದು, ರೈಲಿನಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲಿಂದ ಹಾರಿದರೆ ಆ ಸುಂಕ ತಪ್ಪುತ್ತದೆ ಎಂದು ಜಾಣರು ಹೇಳುವುದುಂಟು. ಸರಿ, ಆದರೆ ನಮಗೆ ಬ್ರಿಟನ್ನಿಗೊಂದು, ಫ್ರಾನ್ಸ್ ಇರುವ ಷೆಂಗೆನ್ ದೇಶಗಳ ಕೂಟಕ್ಕೊಂದು, ಎರಡು ವೀಸಾ ಬೇಕು. ಉಳಿಸಿದ್ದೆಲ್ಲ ವೀಸಾ ಕಿಟಕಿಯಲ್ಲಿ ಕೊಟ್ಟುಬಂದಂತಾಯಿತು.

ವೀಸಾ ಮಾತು ಬಂದಿದ್ದರಿಂದ, ನಮ್ಮ ಪಾಸ್‌ಪೋರ್ಟಿನವರಿಗೆ ಮೈಲಿ ಟಿಕೆಟಿನ ನಿಜವಾದ ಸುಖ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಅಗ್ಗದ ಟಿಕೆಟ್ ಕೊಂಡು ವೀಸಾ ತಿರಸ್ಕಾರವಾದರೆ ದುಡ್ಡು ಹೋದಂತೆಯೇ. ಮೈಲಿ ಟಿಕೆಟನ್ನು ಸಾಮಾನ್ಯವಾಗಿ ಸಣ್ಣ ಶುಲ್ಕ ಕೊಟ್ಟು ರದ್ದು ಮಾಡಬಹುದು. ಮೈಲಿ, ತೆರಿಗೆ ಎರಡೂ ವಾಪಸು ಬರುತ್ತವೆ. 2024ರ ಜೂನಿನಿಂದ ತಲೆಗೆ 90 ಯೂರೋ ಆಗಿರುವ ಷೆಂಗೆನ್ ವೀಸಾ ಶುಲ್ಕ ಮಾತ್ರ ಏನು ಮಾಡಿದರೂ ವಾಪಸಿಲ್ಲ. ಅಲ್ಲಿ ಹೋದಮೇಲೆ ಇದೇ ಕಾರ್ಡನ್ನು ಕಾಫಿಗೂ ಚಾಕೊಲೇಟಿಗೂ ಉಜ್ಜಬೇಡಿ. ಬಹಳಷ್ಟು ಕಾರ್ಡುಗಳಲ್ಲಿ ವಿದೇಶಿ ಹಣದ ವಿನಿಮಯಕ್ಕೆ ಮೂರೂವರೆ ಪರ್ಸೆಂಟಿನಷ್ಟು ಮೇಲುಶುಲ್ಕ, ಅದಕ್ಕೂ ಜಿಎಸ್‌ಟಿ.

ಇನ್ನು ಡಲ್ಲಾಸಿನಲ್ಲಿರುವ ನಿಮ್ಮ ಮಗಳ ಬಾಣಂತನಕ್ಕೆ ಹೋಗುವ ವಿಷಯ. ಅದಕ್ಕೆ ನಿಮ್ಮ ಪಾಯಿಂಟನ್ನು ನೆಚ್ಚಬೇಡಿ, ಅವಳದನ್ನು ನೆಚ್ಚಿ. ಅಮೆರಿಕದ ಕಾರ್ಡುಗಳ ಸ್ವಾಗತ ಬೋನಸ್ ನಮ್ಮದಕ್ಕಿಂತ ಎಷ್ಟೋ ದೊಡ್ಡದು. 2016ರಲ್ಲಿ ಚೇಸ್ ಬ್ಯಾಂಕ್ ಸಫೈರ್ ರಿಸರ್ವ್ ಕಾರ್ಡು ತಂದಾಗ ಒಂದು ಲಕ್ಷ ಪಾಯಿಂಟು ಕೊಟ್ಟಿತ್ತು. ಅವಳ ಮೈಲಿಯಲ್ಲಿ ನಿಮ್ಮ ಹೆಸರಿನ ಟಿಕೆಟ್ ತೆಗೆಯಬಹುದು. ಕ್ರಿಸ್‌ಫ್ಲೈಯರಿನಂಥ ಕೆಲವು ಕಡೆ ಮೊದಲೇ ನಾಮನಿರ್ದೇಶನ ಮಾಡಿರಬೇಕು, ಐದು ಜನಕ್ಕೆ ಮಿತಿ. ಒಬ್ಬರೇ ಹೋಗುವುದಾದರೆ ಮೈಲಿ ಉಳಿಸಲೆಂದು ಎರಡು ಕಡೆ ವಿಮಾನ ಬದಲಿಸುವ ಟಿಕೆಟ್ ತೆಗೆಯಲು ಅವಳಿಗೆ ಬಿಡಬೇಡಿ. ಒಂದೇ ಬದಲಾವಣೆ, ಒಂದೇ ಟಿಕೆಟ್, ಗಾಲಿಕುರ್ಚಿಗೆ ಮೊದಲೇ ಹೇಳಿಟ್ಟಿರಲಿ. ಸಾಂಬಾರ್ ಪುಡಿ, ಮೆಂತ್ಯದ ಹಿಟ್ಟಿನ ಚೀಲ ಹೊತ್ತು ಫ್ರಾಂಕ್‌ಫರ್ಟಿನಲ್ಲಿ ಓಡುವ ಕಷ್ಟಕ್ಕೆ ಯಾವ ಮೈಲಿಯೂ ಸಮವಲ್ಲ.

ಯಾವ ಕಾರ್ಡು ಎಂದು ಕೇಳಿದ್ದೀರಿ. ಹೆಸರು ಹೇಳುವುದಿಲ್ಲ, ಇವತ್ತು ಒಳ್ಳೆಯದಿದ್ದದ್ದು ಆರು ತಿಂಗಳಿಗೆ ಬೇರೆಯಾಗಿರುತ್ತದೆ. ಒಂದೇ ಸಾಕು. ಸಂಬಳದ ಚೀಟಿ ಇಲ್ಲವೆಂದು ಬ್ಯಾಂಕಿನವರು ಹಿಂದೆಮುಂದೆ ನೋಡಿದರೆ ಠೇವಣಿ ಆಧಾರದ ಕಾರ್ಡು ಕೇಳಿ. ವಾರ್ಷಿಕ ಶುಲ್ಕಕ್ಕೆ ಜಿಎಸ್‌ಟಿ ಸೇರಿಸಿ, ಅದು ಕೊಡುವ ಬೋನಸ್ಸಿನ ಪಕ್ಕ ಇಟ್ಟು ನೋಡಿ. ಶುಲ್ಕವೇ ಭಾರವಾದರೆ ಬಿಡಿ. ಮುಂದಿನ ಪತ್ರದಲ್ಲಿ ಊರು ಯಾವುದು, ಯಾವ ತಿಂಗಳು, ಎಷ್ಟು ದಿನ ಹಿಂದೆಮುಂದೆ ಆಗಬಹುದು ಎಂದು ಬರೆಯಿರಿ. ಯಜಮಾನರ ಮಂಡಿನೋವಿನ ವಿಷಯವನ್ನೂ ಮರೆಯಬೇಡಿ, ಅದನ್ನು ನೋಡಿಕೊಂಡೇ ವಿಮಾನ ಹುಡುಕಬೇಕು.

ಇಂತಿ ನಿಮ್ಮ
ಗೆಳತಿ